ಓದಿನಲ್ಲಿ ಮುಂದಿರುವ ಮಗುವಿಗೆ ಯಾವ ಶಾಲೆ? ಐದನೇ ತರಗತಿ ಮುಗಿಯುವ ಮುನ್ನ ಯೋಚಿಸಬೇಕಾದ ಸಂಗತಿಗಳು

ಮಗು ಐದನೇ ತರಗತಿಗೆ ಕಾಲಿಟ್ಟ ವರ್ಷವೇ ಅನೇಕ ಮನೆಗಳಲ್ಲಿ ಒಂದು ಚರ್ಚೆ ಆರಂಭವಾಗುತ್ತದೆ. ಇರುವ ಶಾಲೆಯಲ್ಲೇ ಮುಂದುವರಿಸುವುದೋ, ಬೇರೆಡೆ ಸೇರಿಸುವುದೋ? ನವೋದಯದ ಪರೀಕ್ಷೆ ಬರೆಸುವುದೋ, ಪಟ್ಟಣದ ಹೆಸರಾಂತ ಖಾಸಗಿ ಶಾಲೆಯ ಬಾಗಿಲು ತಟ್ಟುವುದೋ? ಬಹುತೇಕ ಮಕ್ಕಳ ವಿಷಯದಲ್ಲಿ ಈ ಚರ್ಚೆ ಶುಲ್ಕ, ದೂರ, ಮಾಧ್ಯಮಗಳ ಲೆಕ್ಕಾಚಾರದಲ್ಲಿ ಮುಗಿದುಹೋಗುತ್ತದೆ. ಆದರೆ ತರಗತಿಯ ಉಳಿದವರಿಗಿಂತ ಬಹಳ ಮುಂದಿರುವ ಮಗುವಿನ ವಿಷಯದಲ್ಲಿ ಪೋಷಕರು ಎರಡು ಅತಿರೇಕಗಳ ನಡುವೆ ಸಿಲುಕುತ್ತಾರೆ. ‘ಬುದ್ಧಿವಂತ ಮಗು ಎಲ್ಲಿದ್ದರೂ ಓದಿಕೊಳ್ಳುತ್ತದೆ’ ಎಂಬ ನಿಶ್ಚಿಂತೆ ಒಂದು ಕಡೆ. ‘ಈಗಲೇ ದೊಡ್ಡ ಶಾಲೆಗೆ ಸೇರಿಸದಿದ್ದರೆ ಪ್ರತಿಭೆ ಹಾಳಾದೀತು’ ಎಂಬ ಗಾಬರಿ ಇನ್ನೊಂದು ಕಡೆ. ಈ ಎರಡರಲ್ಲಿ ಯಾವುದೂ ಪೂರ್ಣ ಸತ್ಯವಲ್ಲ.

ಒಳ್ಳೆಯ ಶಾಲೆ ಯಾವುದು ಎಂಬುದಕ್ಕಿಂತ ಈ ಮಗುವಿಗೆ ಒಗ್ಗುವ ಶಾಲೆ ಯಾವುದು ಎಂಬ ಪ್ರಶ್ನೆಯಿಂದ ಆರಂಭಿಸಿದರೆ ದಾರಿ ಸ್ವಲ್ಪ ಸ್ಪಷ್ಟವಾಗುತ್ತದೆ.

ಆರನೇ ತರಗತಿಯೇ ಏಕೆ?

ಶಿಕ್ಷಣ ಹಕ್ಕು ಕಾಯ್ದೆ-2009ರ ಪ್ರಕಾರ ಒಂದರಿಂದ ಐದನೇ ತರಗತಿಯವರೆಗೆ ಕಿರಿಯ ಪ್ರಾಥಮಿಕ, ಆರರಿಂದ ಎಂಟರವರೆಗೆ ಹಿರಿಯ ಪ್ರಾಥಮಿಕ ಹಂತ. ಕರ್ನಾಟಕದಲ್ಲಿ ಏಳನೇ ತರಗತಿಗೇ ಮುಗಿಯುವ ಸರ್ಕಾರಿ ಶಾಲೆಗಳು ಅನೇಕ, ಎಂಟರಿಂದ ಪ್ರೌಢಶಾಲೆ. ಹೀಗಾಗಿ ಇಲ್ಲಿನ ಮಗುವಿಗೆ ಶಾಲೆ ಬದಲಿಸಲು ಐದರ ನಂತರ ಒಮ್ಮೆ, ಏಳರ ನಂತರ ಇನ್ನೊಮ್ಮೆ ಸಹಜವಾದ ಅವಕಾಶ ದೊರೆಯುತ್ತದೆ. ಆರನೇ ತರಗತಿಯಲ್ಲಿ ಹೊರಗಿನ ಮಕ್ಕಳಿಗೆ ಬಾಗಿಲು ತೆರೆಯುವ ಸರ್ಕಾರಿ ವಸತಿ ಶಾಲೆಗಳೂ ಹಲವು.

ಕಲಿಕೆಯ ದೃಷ್ಟಿಯಿಂದಲೂ ಇದು ತಿರುವಿನ ಘಟ್ಟ. ಎಲ್ಲ ವಿಷಯಗಳನ್ನೂ ಒಬ್ಬರೇ ಕಲಿಸುತ್ತಿದ್ದ ವ್ಯವಸ್ಥೆ ಹಿಂದೆ ಸರಿದು, ವಿಷಯಕ್ಕೊಬ್ಬ ಶಿಕ್ಷಕರು ಬರುತ್ತಾರೆ. ಅಂಕಗಣಿತದ ಜಾಗಕ್ಕೆ ಬೀಜಗಣಿತ ಕಾಲಿಡುತ್ತದೆ. ‘ಹೇಗೆ ಮಾಡುವುದು’ ಎಂಬುದರ ಜೊತೆಗೆ ‘ಏಕೆ ಹಾಗೆ’ ಎಂಬ ಪ್ರಶ್ನೆ ಮುಖ್ಯವಾಗುತ್ತದೆ. ಹಿರಿಯ ಪ್ರಾಥಮಿಕ ಹಂತದಲ್ಲಿ ವಿಜ್ಞಾನ-ಗಣಿತ, ಸಮಾಜ ವಿಜ್ಞಾನ ಹಾಗೂ ಭಾಷೆಗಳಿಗೆ ತಲಾ ಒಬ್ಬರಾದರೂ ಶಿಕ್ಷಕರಿರಬೇಕು, 35 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು ಎಂದು ಕಾಯ್ದೆಯ ಅನುಸೂಚಿಯೇ ಹೇಳುತ್ತದೆ. ಶಾಲೆಯನ್ನು ಅಳೆಯಲು ಪೋಷಕರಿಗೆ ಸಿಗುವ ಮೊದಲ ಅಳತೆಗೋಲು ಇದು.

ಹೆಚ್ಚು ಅಂಕ ಬೇರೆ, ಮುಂದಿರುವುದು ಬೇರೆ

ಪ್ರತಿ ಪರೀಕ್ಷೆಯಲ್ಲೂ ನೂರಕ್ಕೆ ನೂರು ಪಡೆಯುವ ಮಗುವೆಲ್ಲ ತನ್ನ ತರಗತಿಗಿಂತ ಮುಂದಿದೆ ಎಂದರ್ಥವಲ್ಲ. ಹೇಳಿಕೊಟ್ಟದ್ದನ್ನು ಅಚ್ಚುಕಟ್ಟಾಗಿ ಒಪ್ಪಿಸುವುದು ಶ್ರದ್ಧೆಯ ಗುರುತು, ಅದು ಮೆಚ್ಚತಕ್ಕದ್ದೇ. ಮುಂದಿರುವ ಮಗುವಿನ ಲಕ್ಷಣ ಬೇರೆ. ಒಮ್ಮೆ ವಿವರಿಸಿದರೆ ಸಾಕು, ಮತ್ತೆ ಅದೇ ಬಗೆಯ ಇಪ್ಪತ್ತು ಲೆಕ್ಕ ಮಾಡಲು ಬೇಸರಿಸುತ್ತದೆ. ಪಾಠದಲ್ಲಿಲ್ಲದ ಪ್ರಶ್ನೆ ಕೇಳುತ್ತದೆ. ತನಗಿಂತ ಹಿರಿಯರ ಪುಸ್ತಕ ಓದುತ್ತದೆ. ಕೆಲವೊಮ್ಮೆ ಬೇಸರದಿಂದಲೇ ತಪ್ಪು ಮಾಡಿ ಸಾಧಾರಣ ಅಂಕ ಪಡೆಯುವುದೂ ಉಂಟು.

ಇಂಥ ಮಗು ಎಲ್ಲದರಲ್ಲೂ ಸಮನಾಗಿ ಮುಂದಿರಬೇಕೆಂದೂ ಇಲ್ಲ. ಗಣಿತದಲ್ಲಿ ಎಂಟನೇ ತರಗತಿಯ ಮಟ್ಟದಲ್ಲಿದ್ದು, ಬರವಣಿಗೆಯ ವೇಗದಲ್ಲಿ ತನ್ನ ವಯಸ್ಸಿಗೇ ಸರಿಯಾಗಿರಬಹುದು. ಜಗತ್ತಿನ ಭೂಪಟವನ್ನೇ ಬಾಯಿಪಾಠವಾಗಿ ಬಲ್ಲ ಮಗು ಆಟದಲ್ಲಿ ಸೋತರೆ ಐದು ವರ್ಷದವರಂತೆ ಅಳಬಹುದು. ತಲೆ ಓಡಿದಷ್ಟು ವೇಗವಾಗಿ ಕೈ ಓಡದು, ಮನಸ್ಸು ಮಾಗದು. ಈ ಏರುಪೇರನ್ನು ಗುರುತಿಸದೆ ಆರಿಸಿದ ಶಾಲೆ ಮಗುವಿನ ಒಂದು ಮುಖಕ್ಕೆ ಹಿತವೆನಿಸಿದರೂ ಇನ್ನೊಂದಕ್ಕೆ ಶಿಕ್ಷೆಯಾಗಬಹುದು.

ಹಾಗಾದರೆ ಮಟ್ಟ ತಿಳಿಯುವುದು ಹೇಗೆ? ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜೂಲಿಯನ್ ಸ್ಟ್ಯಾನ್ಲಿ 1971ರಲ್ಲಿ ಗಣಿತದಲ್ಲಿ ಅಸಾಧಾರಣ ಸಾಮರ್ಥ್ಯವುಳ್ಳ ಬಾಲಕ-ಬಾಲಕಿಯರ ಕುರಿತ ಅಧ್ಯಯನ ಆರಂಭಿಸಿದರು. ಹನ್ನೆರಡು-ಹದಿಮೂರು ವರ್ಷದ ಮಕ್ಕಳಿಗೆ ಕಾಲೇಜು ಪ್ರವೇಶಕ್ಕೆಂದು ರೂಪಿಸಿದ ಪರೀಕ್ಷೆಯನ್ನೇ ಅವರು ಕೊಟ್ಟರು. ಅದರ ಹಿಂದಿನ ತರ್ಕ ಸರಳ: ತನ್ನ ತರಗತಿಯ ಪ್ರಶ್ನೆಪತ್ರಿಕೆಯಲ್ಲಿ ಪೂರ್ಣ ಅಂಕ ಪಡೆಯುವ ಇಬ್ಬರು ಮಕ್ಕಳಲ್ಲಿ ಯಾರು ಎಷ್ಟು ಮುಂದಿದ್ದಾರೆ ಎಂದು ಆ ಪತ್ರಿಕೆ ಹೇಳಲಾರದು, ಮೇಲಿನ ಮಟ್ಟದ ಪತ್ರಿಕೆ ಹೇಳುತ್ತದೆ. ಈ ಉಪಾಯವನ್ನು ಮನೆಯಲ್ಲೂ ಅನುಸರಿಸಬಹುದು. ಐದನೇ ತರಗತಿಯ ಮಗುವಿಗೆ ಆರು, ಏಳನೇ ತರಗತಿಯ ಪಠ್ಯಪುಸ್ತಕದ ಅಧ್ಯಾಯಗಳನ್ನು ಕೊಟ್ಟು, ಅದು ಯಾವ ಹಂತದಲ್ಲಿ ತಡವರಿಸುತ್ತದೆ ಎಂದು ಒತ್ತಾಯವಿಲ್ಲದೆ ಗಮನಿಸಿದರೆ ಒಂದು ಅಂದಾಜು ದೊರೆಯುತ್ತದೆ.

ಆದರೆ ಯಾವ ಪರೀಕ್ಷೆಯನ್ನೂ ಬ್ರಹ್ಮಲಿಖಿತವೆಂದು ಭಾವಿಸಬಾರದು. ಸ್ಟ್ಯಾನ್‌ಫರ್ಡ್‌ನ ಲೂಯಿಸ್ ಟರ್ಮನ್ 1921ರಲ್ಲಿ ಆರಂಭಿಸಿದ ಪ್ರತಿಭಾವಂತ ಮಕ್ಕಳ ಪ್ರಸಿದ್ಧ ಅಧ್ಯಯನಕ್ಕೆ ಬುದ್ಧಿಮತ್ತೆ ಪರೀಕ್ಷೆಯೇ ಜರಡಿಯಾಗಿತ್ತು. ಅಂದು ಆ ಜರಡಿಯಲ್ಲಿ ಹೊರಗುಳಿದವರಲ್ಲಿ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್ ಎಂಬ ಇಬ್ಬರು ಬಾಲಕರಿದ್ದರು. ಶಾಕ್ಲಿ 1956ರಲ್ಲೂ ಆಲ್ವರೆಜ್ 1968ರಲ್ಲೂ ಭೌತವಿಜ್ಞಾನದ ನೊಬೆಲ್ ಪಡೆದರು. ಹತ್ತನೇ ವಯಸ್ಸಿನ ಒಂದು ಬೆಳಗಿನ ಪರೀಕ್ಷೆ ಮಗುವಿನ ಭವಿಷ್ಯವನ್ನು ಬರೆದಿಡುವುದಿಲ್ಲ.

ಸುಲಭದ ಓದಿನ ಅಪಾಯ

ಎಲ್ಲವೂ ಸುಲಭವಾಗಿ ಬರುವ ಮಗುವಿಗೆ ಶಾಲೆಯಿಂದ ಆಗುವ ನಷ್ಟ ಕೂಡಲೇ ಕಣ್ಣಿಗೆ ಬೀಳುವುದಿಲ್ಲ. ಅಂಕಪಟ್ಟಿ ಚೆನ್ನಾಗಿಯೇ ಇರುತ್ತದೆ. ಆದರೆ ಐದಾರು ವರ್ಷ ಯಾವುದಕ್ಕೂ ತಿಣುಕದೆ ಬಂದ ಮಗು ತಿಣುಕುವುದನ್ನೇ ಕಲಿತಿರುವುದಿಲ್ಲ. ಪಿಯುಸಿಯಲ್ಲಿ ಮೊದಲ ಬಾರಿಗೆ ಬಿಡಿಸಲಾಗದ ಲೆಕ್ಕ ಎದುರಾದಾಗ, ‘ನಾನು ಅಷ್ಟೇನೂ ಬುದ್ಧಿವಂತನಲ್ಲ’ ಎಂಬ ತೀರ್ಮಾನಕ್ಕೆ ಅದು ಬಂದುಬಿಡಬಹುದು.

ಈ ಬಗ್ಗೆ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನ ಗಮನಾರ್ಹ. ಐದನೇ ತರಗತಿಯ ಮಕ್ಕಳಿಗೆ ಒಗಟಿನಂಥ ಪ್ರಶ್ನೆಗಳನ್ನು ಕೊಟ್ಟು, ಕೆಲವರನ್ನು ‘ನೀನು ಬುದ್ಧಿವಂತ’ ಎಂಬರ್ಥದಲ್ಲಿ, ಇನ್ನು ಕೆಲವರನ್ನು ‘ಚೆನ್ನಾಗಿ ಶ್ರಮಪಟ್ಟೆ’ ಎಂಬರ್ಥದಲ್ಲಿ ಹೊಗಳಲಾಯಿತು. ಬಳಿಕ ಕಠಿಣ ಪ್ರಶ್ನೆಗಳಲ್ಲಿ ಎಡವಿದಾಗ, ಬುದ್ಧಿಗಾಗಿ ಹೊಗಳಿಸಿಕೊಂಡವರು ಬೇಗ ಕೈಚೆಲ್ಲಿದರು. ಶ್ರಮಕ್ಕಾಗಿ ಹೊಗಳಿಸಿಕೊಂಡವರು ಪಟ್ಟು ಹಿಡಿದರು. ಶಾಲೆ ಆರಿಸುವವರಿಗೆ ಇದರಲ್ಲೊಂದು ಪಾಠವಿದೆ. ಮಗುವಿಗೆ ಆಗಾಗ ಸೋಲುವ ಅವಕಾಶ ಕೊಡುವ, ಸೋತಾಗ ಗೇಲಿ ಮಾಡದ ಶಾಲೆ ಬೇಕು. ರ್‍ಯಾಂಕ್ ಪಟ್ಟಿಯನ್ನು ಗೋಡೆಗೆ ಅಂಟಿಸುವ ಶಾಲೆಯಲ್ಲಿ ಮೊದಲ ಸ್ಥಾನದ ಮಗುವೇ ಎಲ್ಲರಿಗಿಂತ ಹೆಚ್ಚು ಹೆದರಿಕೊಂಡಿರುತ್ತದೆ.

ಹೆಸರಿನ ಮೋಹ

ಪ್ರವೇಶ ಪರೀಕ್ಷೆ ಕಠಿಣವಾಗಿದ್ದಷ್ಟೂ ಶಾಲೆ ಉತ್ತಮ ಎಂಬ ನಂಬಿಕೆ ಬಲವಾಗಿದೆ. ಬಾಸ್ಟನ್ ಮತ್ತು ನ್ಯೂಯಾರ್ಕ್ ನಗರಗಳ ಆಯ್ದ ಪರೀಕ್ಷಾ ಶಾಲೆಗಳ ಬಗ್ಗೆ ಅರ್ಥಶಾಸ್ತ್ರಜ್ಞರಾದ ಅಬ್ದುಲ್‌ಕಾದಿರೊಗ್ಲು, ಆಂಗ್ರಿಸ್ಟ್ ಮತ್ತು ಪಾಠಕ್ ಅವರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಅಲುಗಾಡಿಸಿತು. ಕೂದಲೆಳೆಯಷ್ಟು ಅಂತರದಲ್ಲಿ ಪ್ರವೇಶ ಪಡೆದವರನ್ನೂ ಅಷ್ಟೇ ಅಂತರದಲ್ಲಿ ತಪ್ಪಿಸಿಕೊಂಡವರನ್ನೂ ಅವರು ಹೋಲಿಸಿದರು. ಮುಂದಿನ ಪರೀಕ್ಷೆಗಳಲ್ಲಿ ಎರಡೂ ಗುಂಪುಗಳ ಸಾಧನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಳ್ಳೆಯ ಮಕ್ಕಳು ಸೇರುವುದರಿಂದ ಶಾಲೆಯ ಫಲಿತಾಂಶ ಚೆನ್ನಾಗಿರುತ್ತದೆ. ಆ ಫಲಿತಾಂಶವನ್ನೆಲ್ಲ ಶಾಲೆಯ ಖಾತೆಗೆ ಜಮಾ ಮಾಡಲಾಗದು. ಪ್ರವೇಶ ತಪ್ಪಿದ ಮಗುವಿನ ಪೋಷಕರು ಇದನ್ನು ನೆನಪಿನಲ್ಲಿಡುವುದು ಒಳಿತು.

ಇನ್ನೊಂದು ಮಗ್ಗುಲೂ ಇದೆ. ಶಿಕ್ಷಣ ಮನೋವಿಜ್ಞಾನಿ ಹರ್ಬರ್ಟ್ ಮಾರ್ಷ್ ಅವರು ‘ಸಣ್ಣ ಕೆರೆಯ ದೊಡ್ಡ ಮೀನು’ ಎಂಬ ಪರಿಣಾಮವನ್ನು 1980ರ ದಶಕದಿಂದ ಅಧ್ಯಯನ ಮಾಡುತ್ತ ಬಂದವರು. ಸಮಾನ ಸಾಮರ್ಥ್ಯದ ಇಬ್ಬರು ಮಕ್ಕಳಲ್ಲಿ, ಅತಿ ಬುದ್ಧಿವಂತರ ನಡುವೆ ಇರುವ ಮಗುವಿಗೆ ತನ್ನ ಸಾಮರ್ಥ್ಯದ ಬಗ್ಗೆ ಭರವಸೆ ಕಡಿಮೆ ಇರುತ್ತದೆ ಎಂಬುದು ಅದರ ಸಾರ. 2003ರಲ್ಲಿ ಅವರು ಸಹಸಂಶೋಧಕರೊಡನೆ 26 ದೇಶಗಳ ಒಂದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳ ಮಾಹಿತಿಯಲ್ಲಿ ಇದನ್ನೇ ಕಂಡರು. ಹಾಗೆಂದು ಮಗುವನ್ನು ಸದಾ ಸಣ್ಣ ಕೆರೆಯಲ್ಲೇ ಇರಿಸಬೇಕೆಂದಲ್ಲ. ಸರಿಸಮಾನರಾದ ಗೆಳೆಯರು ಸಿಕ್ಕಿದ ಸಂತೋಷವೂ ದೊಡ್ಡದೇ. ಆದರೆ ಊರಿನ ಶಾಲೆಯಲ್ಲಿ ಮೊದಲಿಗನಾಗಿದ್ದವನು ಹೊಸ ಶಾಲೆಯಲ್ಲಿ ಇಪ್ಪತ್ತನೆಯವನಾಗಬಹುದು, ಅದರಿಂದ ಅವನ ಬೆಲೆ ಕುಗ್ಗುವುದಿಲ್ಲ ಎಂದು ಸೇರಿಸುವ ಮೊದಲೇ ತಿಳಿಹೇಳಬೇಕು.

ಕರ್ನಾಟಕದಲ್ಲಿ ಇರುವ ದಾರಿಗಳು

ಗ್ರಾಮೀಣ ಪ್ರತಿಭೆಗಳಿಗೆಂದೇ ರೂಪುಗೊಂಡದ್ದು ಜವಾಹರ್ ನವೋದಯ ವಿದ್ಯಾಲಯ. 1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಈ ಯೋಜನೆ 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಭಾಗವಾಗಿ ಬೆಳೆಯಿತು. ಆರನೇ ತರಗತಿಯ ಪ್ರವೇಶಕ್ಕೆ ಎರಡು ಗಂಟೆಯ, 80 ಪ್ರಶ್ನೆಗಳ, 100 ಅಂಕಗಳ ಪರೀಕ್ಷೆ ಇದೆ. ಅದರಲ್ಲಿ ಅರ್ಧದಷ್ಟು ಅಂಕ ಮಾನಸಿಕ ಸಾಮರ್ಥ್ಯಕ್ಕೆ. ಉಳಿದದ್ದು ಅಂಕಗಣಿತಕ್ಕೂ ಭಾಷೆಗೂ ಸಮಪಾಲು. ಕನ್ನಡದಲ್ಲೇ ಬರೆಯಬಹುದು. ಕನಿಷ್ಠ ಶೇ 75ರಷ್ಟು ಸ್ಥಾನ ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ ಮೀಸಲು. ಮಗು ಆಯಾ ಜಿಲ್ಲೆಯಲ್ಲೇ ಐದನೇ ತರಗತಿ ಓದುತ್ತಿರಬೇಕು ಮತ್ತು ಈ ಪರೀಕ್ಷೆಯನ್ನು ಒಮ್ಮೆ ಮಾತ್ರ ಬರೆಯಬಹುದು ಎಂಬುದನ್ನು ಮರೆಯುವಂತಿಲ್ಲ. ನಗರದಲ್ಲಿ ಬೆಳೆದ ಮಗುವಿಗೆ ಉಳಿಯುವ ಸ್ಥಾನಗಳು ಕಡಿಮೆ, ಪೈಪೋಟಿ ಹೆಚ್ಚು.

ನವೋದಯದಲ್ಲಿ ಏಳು ಅಥವಾ ಎಂಟನೇ ತರಗತಿಯವರೆಗೆ ಪ್ರಾದೇಶಿಕ ಭಾಷೆ ಬೋಧನಾ ಮಾಧ್ಯಮವಾಗಿದ್ದು, ನಂತರ ಗಣಿತ-ವಿಜ್ಞಾನಗಳು ಇಂಗ್ಲಿಷಿಗೆ ಹೊರಳುತ್ತವೆ. ಒಂಬತ್ತನೇ ತರಗತಿಯಲ್ಲಿ ಶೇ 30ರಷ್ಟು ಮಕ್ಕಳನ್ನು ಹಿಂದಿ ಭಾಷಿಕ ಮತ್ತು ಹಿಂದಿಯೇತರ ರಾಜ್ಯಗಳ ನಡುವೆ ಒಂದು ವರ್ಷ ಅದಲುಬದಲು ಮಾಡುವ ಪದ್ಧತಿಯೂ ಇದೆ. ಹತ್ತನೇ ವಯಸ್ಸಿಗೆ ಮನೆ ಬಿಟ್ಟು ಹಾಸ್ಟೆಲಿನಲ್ಲಿರುವುದು ಎಲ್ಲ ಮಕ್ಕಳಿಗೂ ಒಗ್ಗದು. ಪರೀಕ್ಷೆಗೆ ತಯಾರಾಗುವ ಮಗು ಅಗಲಿಕೆಗೂ ತಯಾರಾಗಿದೆಯೇ ಎಂಬುದನ್ನು ಪೋಷಕರೇ ಬಲ್ಲರು.

ಸೈನಿಕ ಶಾಲೆಗಳದ್ದು ಇನ್ನೊಂದು ಜಗತ್ತು. ವಿಜಯಪುರದ ಶಾಲೆ 1963ರಲ್ಲಿ, ಕೊಡಗಿನ ಕೂಡಿಗೆಯದು 2007ರಲ್ಲಿ ಆರಂಭವಾದವು. 2021-22ರಿಂದ ಎಲ್ಲ ಸೈನಿಕ ಶಾಲೆಗಳಲ್ಲೂ ಬಾಲಕಿಯರಿಗೆ ಪ್ರವೇಶವಿದೆ. ಆರನೇ ತರಗತಿಯ ಪ್ರವೇಶ ಪರೀಕ್ಷೆಯ 300 ಅಂಕಗಳಲ್ಲಿ 150 ಗಣಿತಕ್ಕೇ ಮೀಸಲು. ಶಿಸ್ತು, ಕಸರತ್ತು, ನಿಗದಿತ ದಿನಚರಿಯನ್ನು ಇಷ್ಟಪಡುವ ಮಗು ಇಲ್ಲಿ ಅರಳುತ್ತದೆ. ಏಕಾಂತದಲ್ಲಿ ಗಂಟೆಗಟ್ಟಲೆ ಪುಸ್ತಕ ಹಿಡಿದು ಕೂರುವ ಮಗುವಿಗೆ ಅದೇ ದಿನಚರಿ ಭಾರವಾಗಬಹುದು.

ರಾಜ್ಯ ಸರ್ಕಾರದ ಆದರ್ಶ ವಿದ್ಯಾಲಯಗಳು ಶೈಕ್ಷಣಿಕವಾಗಿ ಹಿಂದುಳಿದ ತಾಲ್ಲೂಕುಗಳಲ್ಲಿವೆ. ಆರನೇ ತರಗತಿಗೆ ಪ್ರವೇಶ ಪರೀಕ್ಷೆ, ಇಂಗ್ಲಿಷ್ ಮಾಧ್ಯಮ, ರಾಜ್ಯ ಪಠ್ಯಕ್ರಮ. ಹಾಸ್ಟೆಲ್ ಇಲ್ಲದೆ ಮನೆಯಿಂದಲೇ ಹೋಗಿಬರುವ ವ್ಯವಸ್ಥೆ. ಮನೆ ಬಿಡಿಸದೆ ಮಗುವಿಗೆ ಒಂದು ಮೆಟ್ಟಿಲು ಮೇಲಿನ ಸಹಪಾಠಿಗಳನ್ನು ಒದಗಿಸಬಯಸುವ ಸಾಧಾರಣ ಆದಾಯದ ಕುಟುಂಬಗಳಿಗೆ ಇದು ಯೋಚಿಸಬೇಕಾದ ಆಯ್ಕೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ ಮೊದಲಾದ ವಸತಿ ಶಾಲೆಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರವೇಶ ಪರೀಕ್ಷೆಯ ಮೂಲಕ ಆಯ್ಕೆ ನಡೆಯುತ್ತದೆ. ಕೇಂದ್ರೀಯ ವಿದ್ಯಾಲಯಗಳಲ್ಲಿ ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ ಆದ್ಯತೆ. ಆರನೇ ತರಗತಿಗೆ ಪರೀಕ್ಷೆಯಿಲ್ಲ, ಸ್ಥಾನ ಖಾಲಿ ಇದ್ದರೆ ಮಾತ್ರ ಪ್ರವೇಶ.

ಖಾಸಗಿ ಶಾಲೆಗಳಲ್ಲಿ ಪೋಷಕರು ಮೊದಲು ಕೇಳುವುದು ಸಿಬಿಎಸ್‌ಇಯೋ, ಐಸಿಎಸ್‌ಇಯೋ, ರಾಜ್ಯ ಪಠ್ಯಕ್ರಮವೋ ಎಂದು. ಆರರಿಂದ ಎಂಟನೇ ತರಗತಿಯ ಮಟ್ಟಿಗೆ ಮಂಡಳಿಯ ಹೆಸರಿಗಿಂತ ತರಗತಿಯ ಕೋಣೆಯೊಳಗೆ ನಡೆಯುವುದೇ ಮುಖ್ಯ. ಒಂದೇ ಮಂಡಳಿಯ ಎರಡು ಶಾಲೆಗಳ ನಡುವಿನ ಅಂತರ ಎರಡು ಮಂಡಳಿಗಳ ನಡುವಿನ ಅಂತರಕ್ಕಿಂತ ಹೆಚ್ಚಿರಬಹುದು.

‘ಫೌಂಡೇಷನ್’ ಎಂಬ ಫಲಕ

ಆರನೇ ತರಗತಿಯಿಂದಲೇ ಐಐಟಿ, ನೀಟ್ ತರಬೇತಿ ನೀಡುವುದಾಗಿ ಸಾರುವ ವಿಶೇಷ ವಿಭಾಗಗಳು ನಗರಗಳಲ್ಲಿ ಹೆಚ್ಚಿವೆ. ಮುಂದಿರುವ ಮಗುವಿನ ಪೋಷಕರೇ ಇವುಗಳ ಮೊದಲ ಗುರಿ. ಇಲ್ಲಿ ಒಂದು ಭೇದವನ್ನು ಅರಿಯಬೇಕು. ಒಂಬತ್ತನೇ ತರಗತಿಯ ಸೂತ್ರಗಳನ್ನು ಆರರಲ್ಲೇ ಉರು ಹೊಡೆಸುವುದು ವೇಗ. ಆರನೇ ತರಗತಿಯ ಭಿನ್ನರಾಶಿಯನ್ನೇ ಹಿಡಿದು ಹೊಸ ಬಗೆಯ ಸಮಸ್ಯೆಗಳತ್ತ ಕೊಂಡೊಯ್ಯುವುದು ಆಳ. ಆಳವಿಲ್ಲದ ವೇಗ ಮಗುವಿನ ಕುತೂಹಲವನ್ನೇ ತಿಂದುಹಾಕುತ್ತದೆ. ಹದಿನಾರು ವರ್ಷದೊಳಗಿನ ಮಕ್ಕಳನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದು ಎಂದು ಕೇಂದ್ರ ಶಿಕ್ಷಣ ಸಚಿವಾಲಯ ಜನವರಿ 2024ರಲ್ಲಿ ಮಾರ್ಗಸೂಚಿ ಹೊರಡಿಸಿದ್ದನ್ನೂ ಇಲ್ಲಿ ನೆನೆಯಬಹುದು.

‘ಒಲಿಂಪಿಯಾಡ್’ ಎಂಬ ಪದದ ವಿಷಯದಲ್ಲೂ ಎಚ್ಚರ ಬೇಕು. ಅಂತರರಾಷ್ಟ್ರೀಯ ಒಲಿಂಪಿಯಾಡ್‌ಗಳಿಗೆ ಭಾರತ ತಂಡವನ್ನು ಸಿದ್ಧಗೊಳಿಸುವ ಹೊಣೆ ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ್ದು. ಗಣಿತದಲ್ಲಿ ಅದರ ಮೊದಲ ಮೆಟ್ಟಿಲಾದ ಅರ್ಹತಾ ಪರೀಕ್ಷೆ ಎಂಟನೇ ತರಗತಿ ಹಾಗೂ ಅದಕ್ಕೂ ಮೇಲಿನವರಿಗೆ. ಕೆಳ ತರಗತಿಗಳಲ್ಲಿ ಶುಲ್ಕ ಪಡೆದು ಪದಕ ಹಂಚುವ ಖಾಸಗಿ ಸ್ಪರ್ಧೆಗಳು ಬೇರೆ. ಅಭ್ಯಾಸಕ್ಕೆ ಅವು ತಪ್ಪಲ್ಲ, ಆದರೆ ಆ ಪದಕಗಳ ಸಂಖ್ಯೆ ಶಾಲೆಯ ಗುಣಮಟ್ಟಕ್ಕೆ ಸಾಕ್ಷಿಯಾಗಲಾರದು.

ಡಬಲ್ ಪ್ರಮೋಷನ್ ಸರಿಯೇ?

ಹಿಂದಿನ ತಲೆಮಾರಿನಲ್ಲಿ ಚುರುಕಾದ ಮಕ್ಕಳಿಗೆ ಒಂದು ತರಗತಿ ಹಾರಿಸಿ ಮುಂದಕ್ಕೆ ಕಳುಹಿಸುವುದು ಅಪರೂಪವಾಗಿರಲಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಿಂದ 2004ರಲ್ಲಿ ಹೊರಬಂದ ‘ಎ ನೇಷನ್ ಡಿಸೀವ್ಡ್’ ವರದಿ, ಸರಿಯಾಗಿ ಆರಿಸಿದ ಮಕ್ಕಳಿಗೆ ಇದರಿಂದ ಓದಿನಲ್ಲಿ ಲಾಭವೇ ಆಗಿದೆ, ಸಾಮಾಜಿಕವಾಗಿ ಹಾನಿಯಾಗುತ್ತದೆಂಬ ಭೀತಿಗೆ ಆಧಾರ ಕಡಿಮೆ ಎಂದು ವಾದಿಸಿತು. ಆದರೆ ಮಗುವಿಗೇ ಇಷ್ಟವಿಲ್ಲದಿದ್ದರೆ, ಅಥವಾ ಅಣ್ಣನೋ ಅಕ್ಕನೋ ಇರುವ ತರಗತಿಗೇ ತಮ್ಮನನ್ನು ಏರಿಸಬೇಕಾದರೆ, ಆ ಯೋಚನೆ ಬಿಡುವುದೇ ಲೇಸು ಎಂಬುದು ಈ ಕ್ಷೇತ್ರದ ತಜ್ಞರ ಸಲಹೆ. ನಮ್ಮಲ್ಲಿ ಇನ್ನೊಂದು ಲೆಕ್ಕವೂ ಇದೆ. ವೈದ್ಯಕೀಯ ಪ್ರವೇಶದ ನೀಟ್ ಬರೆಯಲು ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಅವಸರದಿಂದ ಗಳಿಸಿದ ವರ್ಷ ಕೊನೆಗೆ ಕಾಯುವುದರಲ್ಲಿ ಕಳೆದುಹೋಗಬಹುದು. ಇಡೀ ತರಗತಿ ಹಾರಿಸುವ ಬದಲು ಒಂದು ವಿಷಯದಲ್ಲಿ ಮಾತ್ರ ಮೇಲಿನ ತರಗತಿಯ ಪಾಠಕ್ಕೆ ಕೂರಲು ಶಾಲೆ ಒಪ್ಪುವುದೇ ಎಂದು ವಿಚಾರಿಸುವುದು ಜಾಣತನ.

ಭೇಟಿಯಲ್ಲಿ ಏನು ನೋಡಬೇಕು?

ಶಾಲೆಯ ಕಟ್ಟಡ, ಈಜುಕೊಳ, ಸ್ಮಾರ್ಟ್ ಬೋರ್ಡ್‌ಗಳನ್ನು ತೋರಿಸುವವರು ಇದ್ದೇ ಇರುತ್ತಾರೆ. ಪೋಷಕರು ಕೇಳಿ ತಿಳಿಯಬೇಕಾದ ಸಂಗತಿಗಳು ಬೇರೆ.

ಮೊದಲನೆಯದು, ಗಣಿತ ಮತ್ತು ವಿಜ್ಞಾನ ಕಲಿಸುವವರು ಆ ವಿಷಯಗಳನ್ನೇ ಓದಿದವರೇ, ಎಷ್ಟು ವರ್ಷದಿಂದ ಅಲ್ಲಿದ್ದಾರೆ ಎಂಬುದು. ಪ್ರತಿವರ್ಷ ಶಿಕ್ಷಕರು ಬದಲಾಗುವ ಶಾಲೆಯಲ್ಲಿ ಮಗುವನ್ನು ಅರಿತವರು ಯಾರೂ ಉಳಿಯುವುದಿಲ್ಲ. ಎರಡನೆಯದು, ಕೊಟ್ಟ ಕೆಲಸವನ್ನು ಬೇಗ ಮುಗಿಸಿದ ಮಗುವಿಗೆ ಏನು ಮಾಡಿಸುತ್ತೀರಿ ಎಂಬ ಪ್ರಶ್ನೆ. ‘ಇನ್ನಷ್ಟು ಅದೇ ಲೆಕ್ಕ’ ಎಂಬ ಉತ್ತರ ಬಂದರೆ ಅಲ್ಲಿ ಚುರುಕುತನಕ್ಕೆ ದಂಡವಿದೆ ಎಂದರ್ಥ. ‘ಪಕ್ಕದವರಿಗೆ ಹೇಳಿಕೊಡಲಿ’ ಎಂಬುದು ಆಗೊಮ್ಮೆ ಈಗೊಮ್ಮೆ ಸರಿ. ಅದೇ ದಿನಚರಿಯಾದರೆ ಮಗು ಸಂಬಳವಿಲ್ಲದ ಮೇಷ್ಟ್ರಾಗುತ್ತದೆ. ಮೂರನೆಯದು, ಗ್ರಂಥಾಲಯ. ಕಪಾಟಿಗೆ ಬೀಗ ಹಾಕಿದೆಯೇ, ಪುಸ್ತಕವನ್ನು ಮನೆಗೆ ಕೊಡುತ್ತಾರೆಯೇ, ಕನ್ನಡ ಪುಸ್ತಕಗಳಿವೆಯೇ ಎಂದು ನೋಡಬೇಕು. ನಾಲ್ಕನೆಯದು, ಮಕ್ಕಳ ಉತ್ತರ ಪುಸ್ತಕ. ಪಾಠದ ವಾಕ್ಯವನ್ನೇ ಬರೆದರಷ್ಟೇ ಪೂರ್ಣ ಅಂಕವೋ, ಸ್ವಂತ ಮಾತಿನಲ್ಲಿ ಬರೆದದ್ದಕ್ಕೂ ಬೆಲೆಯಿದೆಯೋ ಎಂಬುದು ಒಂದೆರಡು ಪುಟ ತಿರುವಿದರೆ ತಿಳಿಯುತ್ತದೆ.

ದೂರವನ್ನೂ ಲೆಕ್ಕ ಹಾಕಬೇಕು. ಹಿರಿಯ ಪ್ರಾಥಮಿಕ ಹಂತಕ್ಕೆ ಕಾಯ್ದೆ ನಿಗದಿಪಡಿಸಿರುವುದು ವರ್ಷಕ್ಕೆ 220 ದಿನ, ಒಂದು ಸಾವಿರ ಗಂಟೆಗಳ ಬೋಧನೆ. ಬೆಂಗಳೂರಿನಂಥ ನಗರದಲ್ಲಿ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ ಶಾಲಾ ವಾಹನದಲ್ಲಿ ಕಳೆದರೆ ವರ್ಷಕ್ಕೆ 440 ಗಂಟೆ. ಎಂದರೆ ಪಾಠದ ಅವಧಿಯ ಹತ್ತಿರ ಹತ್ತಿರ ಅರ್ಧ. ಆ ಹೊತ್ತಿನಲ್ಲಿ ಮಗು ಓದಬಹುದಿತ್ತು, ಆಡಬಹುದಿತ್ತು, ಸುಮ್ಮನೆ ಕುಳಿತು ಯೋಚಿಸಬಹುದಿತ್ತು.

ಕಾನೂನು ಏನು ಹೇಳುತ್ತದೆ?

ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ, ಪ್ರವೇಶಕ್ಕಾಗಿ ಡೊನೇಷನ್ ಪಡೆಯುವುದನ್ನೂ ಮಗುವನ್ನು ಅಥವಾ ಪೋಷಕರನ್ನು ಪರೀಕ್ಷೆ, ಸಂದರ್ಶನಗಳಿಗೆ ಒಳಪಡಿಸುವುದನ್ನೂ ನಿಷೇಧಿಸುತ್ತದೆ. ಪರೀಕ್ಷೆಗೆ ಒಳಪಡಿಸಿದರೆ ಮೊದಲ ಬಾರಿಗೆ 25 ಸಾವಿರ ರೂಪಾಯಿ, ನಂತರದ ಪ್ರತಿ ಉಲ್ಲಂಘನೆಗೆ 50 ಸಾವಿರ ರೂಪಾಯಿವರೆಗೆ ದಂಡ ವಿಧಿಸಬಹುದು. ನವೋದಯ, ಸೈನಿಕ ಶಾಲೆಗಳಂಥವನ್ನು ಪ್ರತ್ಯೇಕ ವರ್ಗವಾಗಿ ಗುರುತಿಸಲಾಗಿದೆ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಉಳಿದ ಖಾಸಗಿ ಶಾಲೆಯೊಂದು ಆರನೇ ತರಗತಿಗೆ ‘ಪ್ರವೇಶ ಪರೀಕ್ಷೆ’ ನಡೆಸಿ ಮಗುವನ್ನು ತಿರಸ್ಕರಿಸಿದರೆ ಪೋಷಕರು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ದೂರು ಕೊಡಬಹುದು.

ಭಾಷೆಯ ಪ್ರಶ್ನೆ

ಕನ್ನಡ ಮಾಧ್ಯಮದಲ್ಲಿ ಐದು ವರ್ಷ ಚೆನ್ನಾಗಿ ಓದಿದ ಮಗುವನ್ನು ಒಮ್ಮೆಲೇ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದಾಗ ಮೊದಲ ಕೆಲವು ತಿಂಗಳು ಅಂಕ ಇಳಿಯುವುದು ಸಹಜ. ಅದು ಬುದ್ಧಿಯ ಇಳಿಕೆಯಲ್ಲ, ಭಾಷೆಯ ತಡೆ. ಭಿನ್ನರಾಶಿಯನ್ನು ಕನ್ನಡದಲ್ಲಿ ಅರಿತ ಮಗು ಇಂಗ್ಲಿಷಿನಲ್ಲಿ ಕಲಿಯಬೇಕಾದುದು ಹೊಸ ಹೆಸರನ್ನು ಮಾತ್ರ, ಹೊಸ ಗಣಿತವನ್ನಲ್ಲ. ಆ ಅವಧಿಯನ್ನು ತಾಳ್ಮೆಯಿಂದ ದಾಟಿಸುವ ಶಿಕ್ಷಕರಿದ್ದಾರೆಯೇ, ತರಗತಿಯಲ್ಲಿ ಕನ್ನಡದಲ್ಲಿ ಪ್ರಶ್ನೆ ಕೇಳಿದ ಮಗುವನ್ನು ಗದರುತ್ತಾರೆಯೇ ಎಂಬುದನ್ನು ಮುಂಚೆಯೇ ವಿಚಾರಿಸಬೇಕು. ಪ್ರಶ್ನೆ ಕೇಳುವ ಬಾಯಿ ಮುಚ್ಚಿಸಿದ ಶಾಲೆ ಎಷ್ಟೇ ದೊಡ್ಡದಾದರೂ ಮುಂದಿರುವ ಮಗುವಿಗೆ ತಕ್ಕುದಲ್ಲ.

ಇರುವಲ್ಲೇ ಉಳಿಯುವುದೂ ಒಂದು ಆಯ್ಕೆ

ಹತ್ತಿರದ ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಮಗುವನ್ನು ಅರಿತ ಒಬ್ಬ ಒಳ್ಳೆಯ ಶಿಕ್ಷಕಿಯಿದ್ದರೆ, ದುಬಾರಿ ಶಾಲೆಗೆ ಓಡುವ ಮೊದಲು ಎರಡು ಬಾರಿ ಯೋಚಿಸಬೇಕು. ಆರ್ಥಿಕ ಕಾರಣವೂ ಒಂದಿದೆ. ಎಂಟನೇ ತರಗತಿಯಲ್ಲಿ ನಡೆಯುವ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ದೊರೆಯುತ್ತದೆ. ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರದ ಕುಟುಂಬದ, ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳ ಮಕ್ಕಳಿಗೆ ಮಾತ್ರ ಈ ಅವಕಾಶ. ಖಾಸಗಿ ಶಾಲೆಗಳಲ್ಲಿ, ನವೋದಯ, ಕೇಂದ್ರೀಯ ವಿದ್ಯಾಲಯಗಳಲ್ಲಿ ಓದುವವರಿಗೆ ಇಲ್ಲ.

ಶಾಲೆ ಕೊಡಲಾರದ್ದನ್ನು ಹೊರಗಿನಿಂದ ತುಂಬಲು ದಾರಿಗಳಿವೆ. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ, ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ, ಮಂಗಳೂರಿನ ಪಿಲಿಕುಳದ ವಿಜ್ಞಾನ ಕೇಂದ್ರ ಇಂಥ ಮಕ್ಕಳಿಗೆ ಎರಡನೇ ಶಾಲೆಯಾಗಬಲ್ಲವು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಪ್ರತಿಭಾವಂತ ಮಕ್ಕಳ ಶಿಕ್ಷಣದ ಬಗ್ಗೆ ಸಂಶೋಧನೆ ನಡೆಸಿದೆ. ಪುಣೆಯ ಜ್ಞಾನಪ್ರಬೋಧಿನಿ ಸಂಸ್ಥೆ 1962ರಿಂದಲೇ ಈ ಕೆಲಸದಲ್ಲಿ ತೊಡಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಇಂಥ ಮಕ್ಕಳಿಗಾಗಿ ವಿಷಯಾಧಾರಿತ ಕೂಟಗಳು, ಶಿಕ್ಷಕರಿಗೆ ವಿಶೇಷ ತರಬೇತಿ ಬೇಕೆಂದು ಹೇಳಿದೆ. ನೀತಿ ಊರಿನ ಶಾಲೆಯ ಕೋಣೆಗೆ ತಲುಪುವವರೆಗೆ ಬಡಾವಣೆಯ ಸಾರ್ವಜನಿಕ ಗ್ರಂಥಾಲಯದ ಸದಸ್ಯತ್ವ, ಒಂದು ಚದುರಂಗದ ಹಲಗೆ, ಪ್ರಶ್ನೆಗೆ ಬೇಸರಿಸದ ಒಬ್ಬ ಹಿರಿಯರು ಮಗುವಿಗೆ ಆಸರೆಯಾಗಬಹುದು.

ಮಗುವಿನ ಮಾತು

ಇಷ್ಟೆಲ್ಲ ಲೆಕ್ಕಾಚಾರದಲ್ಲಿ ಬಹುತೇಕ ಪೋಷಕರು ಕೊನೆಗೆ ಕೇಳುವುದು, ಕೆಲವೊಮ್ಮೆ ಕೇಳದೇ ಬಿಡುವುದು ಮಗುವಿನ ಅಭಿಪ್ರಾಯವನ್ನು. ಸಾಧ್ಯವಿದ್ದರೆ ಹೊಸ ಶಾಲೆಯಲ್ಲಿ ಒಂದು ದಿನ ಕೂರಿಸಿ, ಸಂಜೆ ಮಗು ಏನು ಹೇಳುತ್ತದೆಂದು ಆಲಿಸಬೇಕು. ‘ಅಲ್ಲಿ ಕಷ್ಟ ಇತ್ತು, ಆದರೆ ಚೆನ್ನಾಗಿತ್ತು’ ಎಂದರೆ ಅದಕ್ಕಿಂತ ಒಳ್ಳೆಯ ಪ್ರಮಾಣಪತ್ರ ಬೇರಿಲ್ಲ.

ಸೇರಿಸಿದ ಮೇಲೂ ನಿರ್ಧಾರವನ್ನು ಕಲ್ಲಿನಲ್ಲಿ ಕೆತ್ತಿದಂತೆ ಭಾವಿಸಬೇಕಾಗಿಲ್ಲ. ಮೊದಲ ವರ್ಷದ ಕೊನೆಗೆ ನಾಲ್ಕು ವಿಷಯ ನೋಡಿದರೆ ಸಾಕು: ಮಗು ಮನೆಗೆ ಬಂದು ಪಾಠದ ಬಗ್ಗೆ ಮಾತನಾಡುತ್ತದೆಯೇ, ಒಬ್ಬ ಗೆಳೆಯನಾದರೂ ಇದ್ದಾನೆಯೇ, ನಿದ್ದೆ ಸರಿಯಾಗಿದೆಯೇ, ಪಠ್ಯಕ್ಕೆ ಹೊರಗಿನ ಪುಸ್ತಕವನ್ನು ತಾನಾಗಿ ಕೈಗೆತ್ತಿಕೊಳ್ಳುತ್ತದೆಯೇ? ಇವುಗಳಲ್ಲಿ ಮೂರಕ್ಕೆ ಇಲ್ಲವೆಂಬ ಉತ್ತರ ಬಂದರೆ ಶಾಲೆಯೊಡನೆ ಮಾತನಾಡಬೇಕು. ಮಾತಿನಿಂದ ಬಗೆಹರಿಯದಿದ್ದರೆ ಏಳರ ನಂತರ ಇನ್ನೊಂದು ಬಾಗಿಲು ತೆರೆದೇ ಇರುತ್ತದೆ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಮಾತು ನಿಜವೇ. ಆದರೆ ಮೊಳಕೆ ಬೆಳೆದಿದೆಯೇ ಎಂದು ದಿನವೂ ಕಿತ್ತು ನೋಡುವವರ ಹೊಲದಲ್ಲಿ ಫಸಲು ಬರುವುದಿಲ್ಲ.